ಡ್ರಮ್ಮಣ್ಣನ ದವಡೆ

ಇದು ನಿಜವಾಗಿ ನಡೆದ ಕತೆ. ಸರಿಯಾಗಿ ಹೇಳಬೇಕೆಂದರೆ ನಡೆದದ್ದು ಕಡಿಮೆ, ಅಗಿದದ್ದೇ ಹೆಚ್ಚು. ನಂಬದವರು ಒಂದು ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡು, ಅದು ಬಿಸ್ಕತ್ತೆಂಬುದನ್ನು ನಾಲಿಗೆಯೇ ಮರೆಯುವವರೆಗೆ ಅಗಿದು, ಆಮೇಲೆ ಮುಂದಕ್ಕೆ ಓದಬಹುದು. ಅಷ್ಟರಲ್ಲಿ ಉಳಿದವರು ಕತೆ ಮುಗಿಸಿ ಕೈ ತೊಳೆದಿರುತ್ತಾರೆ.

ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಡ್ರಮ್ಮಣ್ಣನದು. ಹೆಸರಿಟ್ಟವರು ಜೊತೆಯ ಕೆಲಸದವರು. ಹೆಸರಿಗೆ ತಕ್ಕ ಮೈ ಕೊಟ್ಟದ್ದು ಕಾರ್ಖಾನೆ. ಓವನ್ನಿನಿಂದ ಹೊರಬಂದ ಯಾವ ಬಿಸ್ಕತ್ತೇ ಆಗಲಿ, ಅವನು ಒಂದನ್ನು ತಿಂದು "ಹೂಂ, ಹೋಗ್ಲಿ" ಅಂದ ಮೇಲೆಯೇ ಪ್ಯಾಕಿಂಗ್ ಮೇಜಿಗೆ ಹೋಗಬೇಕೆಂದು ಯಜಮಾನರ ಕಟ್ಟಳೆ. ಮೊದಲೆಲ್ಲ ಅವನು ಬಿಸ್ಕತ್ತು ತಿನ್ನುತ್ತಿರಲಿಲ್ಲ, ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ ಬಾಯಿಗೆ ಹಾಕುತ್ತಿದ್ದ. ಒಂದು ಒಳಗೆ ಬೀಳುವ ಮೊದಲೇ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಹೀಗೆ ಕಾರ್ಖಾನೆಯ ಸರಕನ್ನೆಲ್ಲ ಮೈಮೇಲೆ ದಾಸ್ತಾನು ಮಾಡುತ್ತಾ ಹೋದವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಇದ್ದ ಉಸಿರೂ ನಿಲ್ಲುವ ಕಾಟ. ಕೊನೆಗೆ ಡಾಕ್ಟರು ಅವನ ಹೊಟ್ಟೆಯ ಬಹುಭಾಗವನ್ನು ಕತ್ತರಿಸಿ ತೆಗೆದು, ಒಂದು ಬಾಳೆಹಣ್ಣಿನಷ್ಟು ಮಾತ್ರ ಉಳಿಸಿ ಹೊಲಿದರು. ಡ್ರಮ್ಮು ಹೋಗಿ ಕೊಳಲು ಉಳಿಯಿತು.

ಹೊಟ್ಟೆಗೆ ಬಿದ್ದ ಹೊಲಿಗೆಯನ್ನು ಡ್ರಮ್ಮಣ್ಣ ಬಾಯಿಗೂ ಹಾಕಿಕೊಂಡ. ಕಾರ್ಖಾನೆಯಲ್ಲಿ ಹರ್ನಿಯಾ ಆಪರೇಷನ್ ಅಂತ ಹೇಳಿದ. ಅಂಗೈಯಗಲದ ಹೊಟ್ಟೆಯವನನ್ನು ರುಚಿ ನೋಡಲು ಯಾರು ಇಟ್ಟುಕೊಳ್ಳುತ್ತಾರೆ? ಎತ್ತಿ ಗೋದಾಮಿಗೆ ಹಾಕುತ್ತಾರೆ. ಅಲ್ಲಿ ಮೈದಾ ಮೂಟೆ ಹೊರಬೇಕು. ಭಾರ ಹೊರಕೂಡದೆಂದು ಡಾಕ್ಟರು ಹೇಳಿದ್ದರು. ಅಂದರೆ ಕೆಲಸ ಉಳಿಯಬೇಕಾದರೆ ಗುಟ್ಟು ಉಳಿಯಬೇಕು.

ಗುಟ್ಟು ಉಳಿಸಿಕೊಳ್ಳಲು ದವಡೆಯೊಂದೇ ಅಡ್ಡಿ. ಆಸ್ಪತ್ರೆಯ ಆಹಾರತಜ್ಞೆ ಅವನಿಗೆ ಮಗುವಿಗೆ ಹೇಳಿದಂತೆ ಹೇಳಿ ಕಳಿಸಿದ್ದಳು. ಉಗುರಿನಷ್ಟು ತುತ್ತು, ಅದನ್ನು ನುಣ್ಣಗೆ ಹಿಟ್ಟಾಗುವವರೆಗೆ ಅಗಿಯಬೇಕು, ನುಂಗಿದ ಮೇಲೆ ಸುಮ್ಮನೆ ಕೂರಬೇಕು, ನಡುವೆ ನೀರು ಕುಡಿಯಕೂಡದು, ಅಗಿಯುವಾಗ ಮಾತಾಡಕೂಡದು. "ನಿಮ್ಮ ಹೊಟ್ಟೆಗೆ ಈಗ ಮೊದಲಿನ ಶಕ್ತಿ ಇಲ್ಲ. ಅದರ ಅರ್ಧ ಕೆಲಸ ಬಾಯಲ್ಲೇ ಮುಗಿಸಿ ಕಳಿಸಿ. ಆತುರ ಮಾಡಿದ್ರೆ ಹೋದ ದಾರೀಲೇ ವಾಪಸ್ ಬರುತ್ತೆ" ಅಂದಿದ್ದಳು. ಬಿಸ್ಕತ್ತಿನ ಸುದ್ದಿಗೇ ಹೋಗಬೇಡಿ ಎಂದೂ ಅಂದಿದ್ದಳು. ತಾನು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ ಎಂದಷ್ಟೇ ಡ್ರಮ್ಮಣ್ಣ ಅವಳಿಗೆ ಹೇಳಿದ್ದ; ಯಾವ ಕಾರ್ಖಾನೆ ಎಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ.

ಕೆಲಸಕ್ಕೆ ಮರಳಿ ಕೆಲವು ದಿನಗಳಾದ ಮೇಲೆ, ಒಂದು ಬೆಳಿಗ್ಗೆ ಹೆಂಡತಿ ಅರ್ಧ ಮೊಟ್ಟೆಯನ್ನು ಮುಂದಿಟ್ಟು, ಅವನ ದವಡೆ ಆಡುವುದನ್ನೇ ನೋಡುತ್ತಾ, ಇವತ್ತಾದರೂ ಎಲ್ಲರಿಗೂ ಹೇಳಿಬಿಡಿ, ಸುಳ್ಳನ್ನು ಎಷ್ಟು ದಿನ ಅಗಿಯುತ್ತೀರಿ ಎಂದಳು. ಬಾಯಲ್ಲಿ ಮೊಟ್ಟೆ ಇದ್ದದ್ದರಿಂದ ಅವನು ಉತ್ತರ ಕೊಡಲಿಲ್ಲ. ಆಪರೇಷನ್ ಆದ ಮೇಲೆ ಅವನಿಗೆ ಆಗಿದ್ದ ದೊಡ್ಡ ಲಾಭ ಅದೇ.

ಕಾರ್ಖಾನೆಗೆ ಕಾಲಿಟ್ಟರೆ ಎಲ್ಲರೂ ಗಡಿಬಿಡಿಯಲ್ಲಿದ್ದರು. ಒಂದು ದೊಡ್ಡ ಅಂಗಡಿಯವರು ಓಟ್ಸ್ ಬಿಸ್ಕತ್ತು ಕೇಳಿದ್ದರು. ಸಂಜೆ ಅವರ ವ್ಯಾನು ಬರುತ್ತದೆ. ಮೊದಲ ತಟ್ಟೆ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಓವನ್ ಮೇಸ್ತ್ರಿ ಹೊಸ ಮದುಮಗನ ಹಾಗೆ ಟವೆಲ್ ಹೊದ್ದು ನಿಂತಿದ್ದ.

ಡ್ರಮ್ಮಣ್ಣ ಬಿಸ್ಕತ್ತಿನ ಒಂದು ಮೂಲೆ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದ. ಅಗಿದ. ಬಿಸ್ಕತ್ತು ಮೇಸ್ತ್ರಿಯ ಮನಸ್ಸಿನ ಹಾಗೆ ಗಟ್ಟಿಯಾಗಿತ್ತು. ಇನ್ನೂ ಅಗಿದ. ಹಿಟ್ಟು ಕಲಸುವ ಯಂತ್ರ ಒಂದು ಸುತ್ತು ಮುಗಿಸಿ ನಿಂತರೂ ಅವನ ಯಂತ್ರ ನಿಲ್ಲಲಿಲ್ಲ. ರೇಡಿಯೊ ಕೇಳುತ್ತಿರುವ ಎಮ್ಮೆಯ ಮುಖದಲ್ಲಿ ಇರುವಂಥ ತಲ್ಲೀನತೆ ಅವನ ಮುಖದಲ್ಲಿತ್ತು.

ಮೇಸ್ತ್ರಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಬೇಯಿಸಿದ್ದು ಹೆಚ್ಚಾಯಿತೇ ಎಂದು ಕೇಳಿದ. ಬಾಯಿ ತುಂಬಿದ್ದ ಡ್ರಮ್ಮಣ್ಣ, ತಾಳು ಎನ್ನುವಂತೆ ಕೈಯನ್ನು ಮೇಲೆ ಕೆಳಗೆ ಆಡಿಸಿದ. ಉರಿ ತಗ್ಗಿಸಬೇಕೆಂದು ಅರ್ಥ ಮಾಡಿಕೊಂಡ ಮೇಸ್ತ್ರಿ ಓವನ್ನಿನ ಕಡೆ ಓಡಿದ. ನುಂಗಿ ಬಾಯಿ ತೆರೆಯುವಷ್ಟರಲ್ಲಿ ಎದುರಿಗೆ ಯಾರೂ ಇರಲಿಲ್ಲ; ಇನ್ನೊಂದು ತಟ್ಟೆ ಮಾತ್ರ ಬರುತ್ತಿತ್ತು.

ಎರಡನೆಯದರ ಹೊತ್ತಿಗೆ ಹಿಟ್ಟು ಕಲಸುವವನೂ ಬಂದು ನಿಂತ. ಮೈತುಂಬ ಮೈದಾ ಮೆತ್ತಿಕೊಂಡು ಬೆಳ್ಳಗಿರುತ್ತಿದ್ದ ಅವನನ್ನು ಎಲ್ಲರೂ ಹಿಟ್ಟಪ್ಪ ಎನ್ನುತ್ತಿದ್ದರು. ಡ್ರಮ್ಮಣ್ಣ ಅಗಿಯುತ್ತಾ ಹುಬ್ಬು ಎತ್ತಿದರೆ ಅವನು ಉಪ್ಪು ಕಡಿಮೆಯೆಂದು ತಿಳಿದ, ಹುಬ್ಬು ಇಳಿಸಿದರೆ ಬೆಣ್ಣೆ ಹೆಚ್ಚೆಂದು ತಿಳಿದ. ಹುಬ್ಬು ಅಲ್ಲಾಡಿದಷ್ಟು ಸಲ ಅವನು ಹಿಟ್ಟಿನ ಕೋಣೆಗೆ ಓಡಿದ. ಇನ್ನು ಪ್ಯಾಕಿಂಗ್ ಅಕ್ಕ ಸುಮ್ಮನಿರುತ್ತಾಳೆಯೇ. ಅವಳಿಗೆ ಯಾರನ್ನು ಬೇಕಾದರೂ ಅಣಕಿಸುವ ವಿದ್ಯೆ ಗೊತ್ತು. ಡ್ರಮ್ಮಣ್ಣನ ಬೆನ್ನ ಹಿಂದೆ ನಿಂತು, ಕಣ್ಣು ಮುಚ್ಚಿ, ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ, ಗಂಟಲಿನ ಉಬ್ಬನ್ನೂ ಬಿಡದೆ ಏರಿಸಿ ಇಳಿಸಿದಳು. ಆಮೇಲೆ ಮುಂದೆ ಬಂದು, ಏನೂ ಅರಿಯದವಳಂತೆ, ಹಲ್ಲು ಸಡಿಲವಾಗಿದೆಯೇ ತಮ್ಮಾ ಎಂದು ಕೇಳಿ, ಅವನ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಲೂ ಹೊರಟಳು.

ತಟ್ಟೆಯ ಮೇಲೆ ತಟ್ಟೆ ಬಂತು. ಪ್ರತಿಯೊಂದರಲ್ಲೂ ಒಂದು ಮೂಲೆ. ಮಧ್ಯಾಹ್ನದ ಹೊತ್ತಿಗೆ ಬಾಳೆಹಣ್ಣಿನಷ್ಟಿದ್ದ ಹೊಟ್ಟೆ ಬಾಗಿಲು ಹಾಕಿ ಬೀಗ ಜಡಿದಿತ್ತು. ಡ್ರಮ್ಮಣ್ಣನ ಹಣೆಯಲ್ಲಿ ಬೆವರು. ಕೊನೆಯ ಚೂರನ್ನು ಕರವಸ್ತ್ರಕ್ಕೆ ದಾಟಿಸೋಣವೆಂದರೆ ಹಿಟ್ಟಪ್ಪನ ಕಣ್ಣು ಅವನ ಕೈಯ ಮೇಲೇ ಇತ್ತು.

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ಕಾರ್ಖಾನೆಗೆ ಕಾರ್ಖಾನೆಯೇ ಒಬ್ಬನ ದವಡೆಯ ಸುತ್ತ ನಿಂತಿತ್ತು. ಪ್ಯಾಕಿಂಗ್ ಮೇಜು ಖಾಲಿ. ಅವರು ಕುರ್ಚಿ ಎಳೆದುಕೊಂಡು ಡ್ರಮ್ಮಣ್ಣನ ಮೂಗಿನ ನೇರಕ್ಕೆ ಕೂತು ಕೇಳಿದರು:

"ಏನಯ್ಯಾ, ಬೆಳಿಗ್ಗೆಯಿಂದ ಅಗಿತಾ ಇದ್ದೀಯಂತೆ. ಚೆನ್ನಾಗಿದ್ಯೋ, ಇಲ್ವೋ?"

ಡ್ರಮ್ಮಣ್ಣನಿಗೆ ಕಣ್ಣೆದುರು ಗೋದಾಮು ಬಂತು, ಗೋದಾಮಿನ ತುಂಬ ಮೂಟೆ ಬಂತು. ಹಳೆಯ ಡ್ರಮ್ಮಣ್ಣ ಇನ್ನೂ ಇದ್ದಾನೆಂದು ತೋರಿಸಲೇಬೇಕೆನಿಸಿ, ಯಾರೂ ಹೇಳದಿದ್ದರೂ ಒಂದು ಇಡೀ ಬಿಸ್ಕತ್ತನ್ನು ಬಾಯಿಗೆ ಹಾಕಿ, ನಾಲ್ಕು ಸಲ ಕಚ್ಚಿ, ನುಂಗಿಬಿಟ್ಟ. ಮುಖ ಮೊದಲು ಕೆಂಪಾಯಿತು, ಆಮೇಲೆ ಹಿಟ್ಟಪ್ಪನಷ್ಟು ಬೆಳ್ಳಗಾಯಿತು. ಎದೆ ಹಿಡಿದುಕೊಂಡು ಎದ್ದವನು ಕೈ ತೊಳೆಯುವ ತೊಟ್ಟಿಯ ಕಡೆ ಓಡಿದ. ಆಹಾರತಜ್ಞೆಯ ಮಾತು ಅಕ್ಷರಶಃ ನಿಜವಾಯಿತು. ಅಕ್ಕ ನೀರು ಹಿಡಿದು ಹಿಂದೆ ಓಡಿಬಂದರೆ, ಬೇಡ ಬೇಡ ಎಂದು ಕೈಯಾಡಿಸಿದ. ಅವಳ ಮುಖದಲ್ಲಿದ್ದ ನಗು ಅಷ್ಟೂ ಇಳಿದುಹೋಗಿತ್ತು.

ಅವನು ಬಾಯಿ ಒರೆಸಿಕೊಂಡು ತಿರುಗಿ ಬರುವಾಗ ಯಜಮಾನರು ಓವನ್ ಮೇಸ್ತ್ರಿಯ ಮೇಲೆ ಹರಿಹಾಯುತ್ತಿದ್ದರು. ಬಿಸ್ಕತ್ತು ತಿಂದವನು ವಾಂತಿ ಮಾಡಿಕೊಳ್ಳುತ್ತಾನೆಂದರೆ ಅದರಲ್ಲಿ ಏನು ಹಾಕಿದ್ದೀಯ, ಇದು ಅಂಗಡಿಗೆ ಹೋಗಿ ಮಕ್ಕಳ ಬಾಯಿಗೆ ಬಿದ್ದಿದ್ದರೆ ಗತಿಯೇನು, ಈಗಲೇ ಟವೆಲ್ ಇಟ್ಟು ಮನೆಗೆ ನಡೆ ಎಂದರು. ಮೇಸ್ತ್ರಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಲುಕಿಸಿ ಅಳತೊಡಗಿದ. ಮಗಳಿಗೆ ಏನು ಹೇಳಲಿ, ಮನೆಯಲ್ಲಿ ಏನು ಹೇಳಲಿ ಎಂದು ಗೋಡೆಗೆ ಹಣೆ ಹಚ್ಚಿದ.

ಡ್ರಮ್ಮಣ್ಣ ಅಲ್ಲೇ ನಿಂತ. ಬಾಯಲ್ಲಿ ಈಗ ಏನೂ ಇರಲಿಲ್ಲ. ಸುಮ್ಮನಿರಲು ನೆಪವೂ ಇರಲಿಲ್ಲ.

"ಯಜಮಾನ್ರೇ, ಅವನದ್ದೇನೂ ತಪ್ಪಿಲ್ಲ. ಬಿಸ್ಕತ್ತು ಮೊದಲನೇ ತಟ್ಟೇಲೇ ಚೆನ್ನಾಗಿತ್ತು. ಕೆಟ್ಟಿರೋದು ನನ್ನ ಹೊಟ್ಟೆ. ನನಗೆ ಆಗಿದ್ದು ಹರ್ನಿಯಾ ಅಲ್ಲ. ತೂಕ ಇಳಿಸೋ ಆಪರೇಷನ್. ಹೊಟ್ಟೆ ಇಷ್ಟೇ ಉಳಿದಿರೋದು. ಅದಕ್ಕೇ ಅಗಿಯೋದು. ಕಳಿಸೋದಾದ್ರೆ ನನ್ನ ಕಳಿಸಿ."

ಯಜಮಾನರು ಅಕ್ಕನ ಮುಖ ನೋಡಿದರು, ಅಕ್ಕ ಹಿಟ್ಟಪ್ಪನ ಮುಖ ನೋಡಿದಳು, ಹಿಟ್ಟಪ್ಪ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಮೊದಲು ಸಿಡಿದವನು ಅವನೇ. ಆಮೇಲೆ ಎಲ್ಲರೂ.

"ತಮ್ಮಾ, ಆಸ್ಪತ್ರೆ ಅಡುಗೆಮನೆಯಿಂದ ನಿನಗೆ ಸೋಸಿದ ಸೂಪು ಕಳಿಸ್ತಿದ್ದೋಳು ನನ್ನ ಓರಗಿತ್ತಿ ಕಣೋ" ಎಂದಳು ಅಕ್ಕ. "ಹರ್ನಿಯಾದೋರಿಗೆ ಯಾರು ಸೂಪನ್ನ ಚಮಚದಲ್ಲಿ ಅಳೆದು ಕೊಡ್ತಾರೆ? ನೀನು ವಾಪಸ್ ಬರೋಕೆ ಮುಂಚೇನೇ ನಮಗೆಲ್ಲ ಗೊತ್ತಿತ್ತು. ನೀನಾಗೇ ಹೇಳ್ತೀಯ ಅಂತ ಕಾದ್ವಿ. ಹೇಳ್ಲಿಲ್ಲ. ಅದಕ್ಕೇ ಇವತ್ತು ಬಾಯಿ ಬಿಡಿಸೋದು ಅಂತ ಮಾತಾಡ್ಕೊಂಡ್ವಿ. ಇಡೀ ಬಿಸ್ಕತ್ತು ನುಂಗ್ತೀಯ ಅಂತ ಯಾರಿಗೆ ಗೊತ್ತು? ಆಗ ನನ್ನ ಜೀವಾನೇ ಹೋಗಿತ್ತು."

ಬೆಳಿಗ್ಗೆಯಿಂದ ಬಂದ ತಟ್ಟೆಗಳೆಲ್ಲ ಒಂದೇ ಪಾಕದವಂತೆ. ಉರಿ ತಗ್ಗಿರಲಿಲ್ಲ, ಉಪ್ಪು ಏರಿರಲಿಲ್ಲ. ಹಿಟ್ಟಪ್ಪ ಹಿಟ್ಟಿನ ಕೋಣೆಗೆ ಓಡುತ್ತಿದ್ದದ್ದು ನಗುವುದಕ್ಕಂತೆ. ಯಜಮಾನರಿಗೂ ಪಾತ್ರ ಕೊಟ್ಟಿದ್ದರು. ಬೈಯುವ ಪಾತ್ರವಾದ್ದರಿಂದ ಅವರಿಗೆ ಅಭ್ಯಾಸ ಬೇಕಾಗಿರಲಿಲ್ಲ.

"ನಿನ್ನ ಯಾಕಯ್ಯಾ ತೆಗೀಲಿ?" ಎಂದರು ಯಜಮಾನರು. "ಮೊದಲು ನೀನು ರುಚಿ ನೋಡಿದ್ರೆ ತಟ್ಟೆ ಖಾಲಿ. ಈಗ ಒಂದು ಮೂಲೆ ಮುರೀತೀಯ. ನಿನ್ನಂಥೋನು ನನಗೆ ಎಲ್ಲಿ ಸಿಗಬೇಕು?"

ಗೋಡೆಗೆ ಹಣೆ ಹಚ್ಚಿದ ಮೇಸ್ತ್ರಿ ಮಾತ್ರ ಇನ್ನೂ ಅಳುತ್ತಲೇ ಇದ್ದ. ಪಾತ್ರದೊಳಗೆ ಅಷ್ಟು ಇಳಿದಿದ್ದ. ಮುಗೀತು, ನಿಲ್ಲಿಸು ಎಂದು ಹಿಟ್ಟಪ್ಪ ಬೆನ್ನು ತಟ್ಟಿದಾಗ ಟವೆಲ್ ತೆಗೆದು, ಕಣ್ಣೊರೆಸಿಕೊಂಡು, ಮೂಗು ಏರಿಸಿದ. ಏರಿಸಿದ ಮೂಗು ಅಲ್ಲೇ ನಿಂತಿತು.

ಓವನ್ನಿನ ಸಂದಿನಿಂದ ಹೊಗೆ ಬರುತ್ತಿತ್ತು. ವ್ಯಾನಿಗೆ ಹೋಗಬೇಕಾದ ಅಸಲಿ ಸರಕೆಲ್ಲ ಒಳಗಿತ್ತು; ಬೆಳಗಿನ ತಟ್ಟೆಗಳಲ್ಲಿ ಇದ್ದದ್ದು ನಾಟಕಕ್ಕೆ ಬೇಕಾದ ನಾಲ್ಕಾರು ಬಿಸ್ಕತ್ತಷ್ಟೇ. ನಾಟಕದ ಭರಾಟೆಯಲ್ಲಿ ಅದನ್ನು ಇಳಿಸಬೇಕಾದವನು ಗೋಡೆ ಹಿಡಿದು ಅಳುತ್ತಿದ್ದ, ನೆನಪಿಸಬೇಕಾದವರು ಅವನ ಅಳುವನ್ನು ಮೆಚ್ಚಿ ನೋಡುತ್ತಿದ್ದರು. ಬಾಗಿಲು ತೆಗೆದರೆ ತಟ್ಟೆ ತಟ್ಟೆಯಲ್ಲೂ ಇದ್ದಿಲು. ಮೇಸ್ತ್ರಿ ಈ ಸಲ ಟವೆಲ್ ಮುಚ್ಚಿಕೊಳ್ಳದೆ ಅತ್ತ. ಹಿಟ್ಟಪ್ಪ ಹಿಟ್ಟಿನ ಕೋಣೆಗೆ ಓಡಿದ, ನಿಜವಾಗಿ ಕಲಸಲು. ಯಜಮಾನರು ಪಾತ್ರದಲ್ಲಿ ಬೈದದ್ದಕ್ಕಿಂತ ಜೋರಾಗಿ ಬೈದರು.

ಹೊಸ ತಟ್ಟೆ ಇಳಿಯುವ ಹೊತ್ತಿಗೆ ವ್ಯಾನು ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಎಲ್ಲರೂ ಡ್ರಮ್ಮಣ್ಣನ ಕಡೆ ತಿರುಗಿದರು. ಈ ಹಿಟ್ಟು ಬೇರೆ, ಈ ಉರಿ ಬೇರೆ. ಅವನು ರುಚಿ ನೋಡದೆ ಒಂದು ಚೂರೂ ಹೊರಗೆ ಹೋಗಕೂಡದೆಂದು ಯಜಮಾನರು ಹಟ ಹಿಡಿದರು. ಡ್ರಮ್ಮಣ್ಣ ಎದೆಯ ಕೆಳಗೆ ಕೈಯಿಟ್ಟು ನೋಡಿಕೊಂಡು, ಹೊಟ್ಟೆ ಇನ್ನೂ ಮುನಿಸಿಕೊಂಡಿದೆ, ಅದು ಬಾಗಿಲು ತೆಗೆಯುವವರೆಗೆ ಕಾಯಬೇಕು, ಆಮೇಲೆ ಉಗುರಿನಷ್ಟು ತುತ್ತು, ಆಮೇಲೆ ನಿಧಾನವಾಗಿ ಅಗಿಯಬೇಕು ಎಂದು ತಿಳಿಸಿದ.

ಯಜಮಾನರು ಕುರ್ಚಿಯಲ್ಲಿ ಕುಸಿದರು. ಮೇಸ್ತ್ರಿ ನೆಲದ ಮೇಲೆ ಕೂತ. ಅಕ್ಕ ಖಾಲಿ ಡಬ್ಬಿಗಳ ನಡುವೆ ಗಲ್ಲಕ್ಕೆ ಕೈ ಹಚ್ಚಿ ಕೂತಳು. ಮನೆಗೆ ಹೋಗುವ ಹೊತ್ತಾಗಿದ್ದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ, ಡ್ರಮ್ಮಣ್ಣನೂ ಸೇರಿ. ಗೇಟಿನ ಹಾರ್ನಿನ ಜೊತೆ ಇಡೀ ಕಾರ್ಖಾನೆ ಒಂದು ಬಾಳೆಹಣ್ಣಿನಷ್ಟು ಹೊಟ್ಟೆಯ ದರ್ಶನಕ್ಕೆ ಕಾಯುತ್ತಿತ್ತು.

ಡ್ರಮ್ಮಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಮೊದಲು ತುಟಿ ಅದುರಿತು, ಆಮೇಲೆ ಭುಜ, ಆಮೇಲೆ ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗತೊಡಗಿದ. ನಗಬೇಡವೋ, ನಕ್ಕರೆ ಇನ್ನೂ ಹೊತ್ತಾಗುತ್ತೆ ಎಂದು ಅಕ್ಕ ಬೇಡಿಕೊಂಡಳು. ಅದನ್ನು ಕೇಳಿ ಇನ್ನೂ ಜೋರಾಗಿ ನಕ್ಕ. ಯಜಮಾನರು ನಕ್ಕರು, ಹಿಟ್ಟಪ್ಪ ನಕ್ಕ, ಮೇಸ್ತ್ರಿ ಅಳುವಿನ ನಡುವೆಯೇ ನಕ್ಕ. ಆದರೆ ಗೇಟಿನಾಚೆಯ ಡ್ರೈವರು ಹಾರ್ನಿನ ಮೇಲಿನ ಕೈ ತೆಗೆದು ಕಿವಿಗೊಟ್ಟು ಕೇಳಿದ್ದು ಎಲ್ಲರದನ್ನೂ ಮೀರಿ ಮೊಳಗುತ್ತಿದ್ದ ಡ್ರಮ್ಮಣ್ಣನ ನಗುವನ್ನೇ.