ಕಾಕಾನ ಗೇಟ್‌ವೇ ಮತ್ತು ಒಂದು ಮಂಗಳವಾರ

ಇಡೀ ವಾಡಿ ಊರಿನಲ್ಲಿ ಯಾರಿಗೆ ಬೇಕಾದರೂ ಟೋಪಿ ಹಾಕಬಹುದು, ನಮ್ಮ ಕಾಕಾನಿಗೆ ಮಾತ್ರ ಆಗುವುದಿಲ್ಲ. ಅವರು ಮಹಾ ಬುದ್ಧಿವಂತರು ಅಂತ ತಿಳಿಯಬೇಡಿ. ಯಾರನ್ನಾದರೂ ನಂಬಿದರೆ ತಾನೇ ಮೋಸ ಹೋಗುವುದು! ಕಾಕಾ ಹಾಲಿನವನನ್ನು ನಂಬುವುದಿಲ್ಲ, ರೈಲಿನ ಟೈಮನ್ನು ನಂಬುವುದಿಲ್ಲ, ಬೀಗ ಹಾಕಿದ ಮೇಲೆ ಬೀಗವನ್ನೂ ನಂಬದೆ ಮೂರು ಸಲ ಜಗ್ಗುತ್ತಾರೆ. ನಾಲ್ಕನೆಯ ಸಲ ತಮ್ಮ ಕೈಯನ್ನೇ ನಂಬದೆ ನನ್ನಿಂದ ಜಗ್ಗಿಸುತ್ತಾರೆ.

ಒಮ್ಮೆ ನಾನು ಹೊಸ ನಂಬರಿನಿಂದ ಅವರಿಗೆ ಫೋನು ಮಾಡಿದೆ.

“ಕಾಕಾ, ನಾನ್ರೀ.”

“ನಾನು ಅಂದ್ರ ಯಾರು?”

“ನಿಮ್ಮ ಅಣ್ಣನ ಮಗಳು.”

“ಹಂಗಂತ ಯಾರ್ ಬೇಕಾದ್ರೂ ಹೇಳ್ತಾರ. ನಿಮ್ಮಪ್ಪಗ ಯಾವ ಪಲ್ಯಾ ಆಗಿ ಬರಂಗಿಲ್ಲ, ಹೇಳು ನೋಡೋಣು.”

“ಪುಂಡಿಪಲ್ಯಾ.”

“ಹಾಂ. ಈಗ ಮಾತಾಡು.”

ನಮ್ಮ ಸೀಮೆಯಲ್ಲಿ ಹುಟ್ಟಿ ಪುಂಡಿಪಲ್ಯ ಒಲ್ಲೆ ಅನ್ನುವವರು ನಮ್ಮಪ್ಪ ಒಬ್ಬರೇ ಇರಬೇಕು, ಹೀಗಾಗಿ ಅದು ಗಟ್ಟಿ ಗುರುತು. ಆದರೆ ಅಷ್ಟೊತ್ತಿಗೆ ಫೋನು ಮಾಡಿದ್ದು ಯಾಕೆಂಬುದೇ ನನಗೆ ಮರೆತುಹೋಗಿತ್ತು.

ಇಂಥವರನ್ನು ಒಂದು ದೊಡ್ಡ ಸಿಮೆಂಟ್ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಕೂರಿಸಿದ್ದಾರೆ. ನಾನೂ ಅಲ್ಲೇ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತೇನೆ, ಬೇರಿಂಗು ಬೆಲ್ಟುಗಳ ನಡುವೆ. ಕಂಪನಿಯ ಕಾರ್ಖಾನೆ ವಾಡಿಯ ಹತ್ತಿರ, ಕಲ್ಲಿನ ಗಣಿಯ ಆಫೀಸು ಚಿತ್ತಾಪುರದ ಕಡೆ, ಗೋದಾಮುಗಳು ಸೇಡಂ, ಶಹಾಬಾದಿನಲ್ಲಿ. ದೊಡ್ಡ ಆಫೀಸು ಯಾವುದೋ ದೂರದ ಶಹರದಲ್ಲಿದೆ. ಅದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ, ವಿಡಿಯೋ ಕಾಲಿನಲ್ಲಿ ಅದರ ಗೋಡೆಯನ್ನಷ್ಟೇ ಕಂಡಿದ್ದೇವೆ.

ಯಾರನ್ನೂ ನಂಬದ ಈ ಮನುಷ್ಯ ಲೋಕದಲ್ಲಿ ನಂಬಿದ್ದು ತಮ್ಮ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನೊಬ್ಬರನ್ನೇ. ಆ ಪುಣ್ಯಾತ್ಗಿತ್ತಿಯೋ ಸುಲೇಪೇಟದಲ್ಲಿ! ಅಲ್ಲಿಯ ಸರ್ಕಾರಿ ಸಾಲಿಯ ಹೆಡ್‌ಮಿಸ್ಸು ಅವರು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. ಕಾಕು ಇರುವಲ್ಲಿ ಕಾರ್ಖಾನೆಯಿಲ್ಲ, ಕಾಕಾ ಇರುವಲ್ಲಿಗೆ ಕಾಕುವಿಗೆ ವರ್ಗವಿಲ್ಲ. ಶನಿವಾರ ಸಂಜೆ ಕಾಕಾ ರೈಲಿನಲ್ಲಿ ಸೇಡಮ್ಮಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಸುಲೇಪೇಟ ಮುಟ್ಟುವುದು. ಸೋಮವಾರ ಬೆಳಕು ಹರಿಯುವ ಮೊದಲೇ ಹೊರಟು ಬರುವುದು. ಅವರ ಮಗ ಚಿಕ್ಕವನಿದ್ದಾಗ ಅಪ್ಪ ಎನ್ನುವುದು ಭಾನುವಾರಕ್ಕೊಮ್ಮೆ ಬರುವ ಯಾವುದೋ ಸೌಲಭ್ಯ ಎಂದುಕೊಂಡಿದ್ದ. ಈಗ ಅವನು ಬೀದರಿನ ಹಾಸ್ಟೆಲ್ಲಿನಲ್ಲಿದ್ದಾನೆ. ಕಾಕು ಸುಲೇಪೇಟದ ಮನೆಯಲ್ಲಿ ಒಬ್ಬರೇ, ಕಾಕಾ ವಾಡಿಯ ಕ್ವಾರ್ಟರ್ಸಿನಲ್ಲಿ ಒಬ್ಬರೇ.

ಹೀಗಿರುವಾಗ ದೊಡ್ಡ ಆಫೀಸಿನಿಂದ ಹುಕುಂ ಬಂತು. ಇನ್ನು ಮೇಲೆ ಮೇಜಿನ ಕೆಲಸದವರೆಲ್ಲ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡಬಹುದು. ಅದಕ್ಕೊಂದು ಗೇಟ್‌ವೇ ಕೂರಿಸಿ ಎಂದು. ಅಲ್ಲಿಯ ತನಕ ದೂರದಿಂದ ಕಂಪ್ಯೂಟರು ತೆರೆಯುವ ಕೆಲಸವನ್ನು ಒಬ್ಬೊಬ್ಬರು ಒಂದೊಂದು ಥರ ಕದ್ದುಮುಚ್ಚಿ ಮಾಡುತ್ತಿದ್ದರು. ಸೇಡಂ ಗೋದಾಮಿನಲ್ಲಂತೂ ಪಾಸ್‌ವರ್ಡನ್ನು ಕ್ಯಾಲೆಂಡರಿನ ಮೇಲೆ ಅಮಾವಾಸ್ಯೆಯ ಪಕ್ಕ ಬರೆದಿಟ್ಟಿದ್ದರು! ಕಾಕಾ ಅದನ್ನು ಕಂಡ ದಿನ ಊಟ ಮಾಡಲಿಲ್ಲ.

ಹುಕುಂ ಓದಿದವರೇ ಕಾಕಾ ಸುಲೇಪೇಟಕ್ಕೆ ಫೋನು ಹಚ್ಚಿದರು. ನಾನು ಎದುರಿಗೇ ಕುಳಿತಿದ್ದೆ. “ಕೇಳ್ಲಿಕತ್ತೀ? ಈ ಗೇಟ್‌ವೇ ಒಂದು ಕುಂತು ಬಿಟ್ರ ನಾ ಮನಿಗಿ ಬರ್ತೀನಿ. ವಾರದಾಗ ಒಂದು ದಿನ ಅಲ್ಲ, ನಾಕೈದು ದಿನ!” ಅತ್ತಲಿಂದ ಕಾಕು ಏನಂದರೋ, ಕಾಕಾ ಕಿವಿತನಕ ಕೆಂಪಾದರು. ಅಂದಿನಿಂದ ಕಾಕಾನಿಗೆ ಗೇಟ್‌ವೇಯ ಹುಚ್ಚು ಹಿಡಿಯಿತು.

ಈ ಗೇಟ್‌ವೇ ಅಂದರೆ ಏನು? ಕಾಕಾ ಎಲ್ಲರಿಗೂ ಹೇಳಿದ್ದು ಇಷ್ಟೇ. “ಫ್ಯಾಕ್ಟರಿಗಿ ಒಂದೇ ಗೇಟ್ ಅದಲ್ಲ, ವಾಚ್‌ಮನ್ ನಿಮ್ಮ ಕಾರ್ಡ್ ನೋಡ್ತಾನಲ್ಲ, ಯಾವ ಖಾತೆಗಿ ಹೊಂಟೀರಿ ಕೇಳ್ತಾನಲ್ಲ, ಇದೂ ಹಂಗೇ. ಮನ್ಯಾಗ ಕುಂತು ಗೇಟ್‌ವೇ ಬಡೀರಿ. ಅದು ಹೆಸರು ಕೇಳ್ತದ, ಪಾಸ್‌ವರ್ಡ್ ಕೇಳ್ತದ, ಫೋನಿಗಿ ಬಂದ ನಂಬರ್ ಕೇಳ್ತದ. ಎಲ್ಲಾ ಬರೋಬ್ಬರಿ ಇದ್ರ ನಿಮ್ಮ ಮೇಜಿನ ಕಂಪ್ಯೂಟರಿನ ತನಕ ಕರ್ಕೊಂಡು ಹೋಗಿ ಬಿಡ್ತದ. ಬಾಜೂ ಮೇಜಿಗಿ ಕಣ್ಣೆತ್ತಿ ನೋಡ್ಲಿಕ್ಕೂ ಬಿಡಂಗಿಲ್ಲ!” ಯಾರನ್ನೂ ನಂಬದ ಯಂತ್ರ ಒಂದು ಕೊನೆಗೂ ಸಿಕ್ಕಿತಲ್ಲ ಎಂದು ಕಾಕಾ ಅದನ್ನು ಅಕ್ಕರೆಯಿಂದ ಒರೆಸುತ್ತಿದ್ದರು.

ಮೊದಲ ಸಂಜೆಯ ಪರೀಕ್ಷೆ. ಎಲ್ಲರೂ ಮನೆಯಿಂದ ಗೇಟ್‌ವೇ ಬಡಿದರು. ಹೆಸರು ಸರಿ, ಪಾಸ್‌ವರ್ಡು ಸರಿ, ನಂಬರು ಸರಿ. ಗೇಟ್‌ವೇ ಒಳಗೆ ಬಿಟ್ಟಿತು, ಆದರೆ ಮೇಜಿನ ಕಂಪ್ಯೂಟರು ಯಾರಿಗೂ ಸಿಗಲಿಲ್ಲ! ಹಗಲು ಸಿಗುತ್ತದೆ, ಸಂಜೆ ಆರಾದರೆ ಇಲ್ಲ. ಕಾಕಾ ಎರಡು ದಿನ ಸರ್ವರ್ ಕೋಣೆಯಲ್ಲೇ ಬಿದ್ದುಕೊಂಡು ತಂತಿ ತಂತಿಯನ್ನೂ ವಿಚಾರಣೆ ಮಾಡಿದರು. ಮೂರನೆಯ ದಿನ ಸಂಜೆ ಆರು ಗಂಟೆಗೆ ಅಲ್ಲಿಂದ ಎದ್ದು ಬಂದು ನೋಡಿದರೆ, ನಮ್ಮ ಅಟೆಂಡರ್ ಶರಣಪ್ಪ ಒಂದೊಂದೇ ಕಂಪ್ಯೂಟರಿನ ಸ್ವಿಚ್ಚು ಆರಿಸಿ, ಅದಕ್ಕೆ ಬಟ್ಟೆ ಹೊದಿಸಿ, ಕೈಮುಗಿದು ಮುಂದೆ ಹೋಗುತ್ತಿದ್ದಾನೆ.

“ಶರಣಪ್ಪಾ! ಏನ್ ಮಾಡ್ಲಿಕತ್ತೀಯೋ?”

“ಬಂದ್ ಮಾಡ್ಲಿಕತ್ತೀನ್ರೀ ಸಾಹೇಬ್ರ.”

“ಯಾರ್ ಹೇಳ್ಯಾರ ನಿಂಗ?”

“ನೀವೇ ಹೇಳೀರಲ್ರೀ! ನಾ ಕೆಲಸಕ್ಕ ಸೇರಿದ ದಿನಾ ಹೇಳೀರಿ. ಸಿಮೆಂಟಿನ ಧೂಳಾ ಹೊಕ್ಕೊಂಡು ಕೆಡ್ತಾವ, ದಿನಾ ಬಂದ್ ಮಾಡಿ ಅರಬಿ ಹೊಚ್ಚು ಅಂತ. ಇವತ್ತಿನ ತನಕ ಒಂದಿನಾನೂ ತಪ್ಪಿಸಿಲ್ಲ ನೋಡ್ರಿ.”

ಕಾಕಾ ಬಯ್ಯುವುದಾದರೂ ಹೇಗೆ? ತಮ್ಮ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಪ್ರಾಣಿಯನ್ನು ಅವರು ಆಯುಷ್ಯದಲ್ಲಿ ಕಂಡಿರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಎಲ್ಲ ಕಂಪ್ಯೂಟರುಗಳನ್ನೂ ಮತ್ತೆ ಚಾಲೂ ಮಾಡಿದರು. ಬಟ್ಟೆ ಹೊದಿಸುವುದನ್ನು ಮಾತ್ರ ಶರಣಪ್ಪ ಬಿಡಲೊಲ್ಲ.

ಆಮೇಲೆ ದಂಡೋತಿ ಎಂಬ ಹಳ್ಳಿಯ ಪ್ರಸಂಗ. ಅಲ್ಲೊಬ್ಬರು ಗಣಿ ಎಂಜಿನಿಯರು ಇದ್ದಾರೆ. ಅವರ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಗೇಟ್‌ವೇ ಕಳಿಸುವ ನಂಬರಿನ ಆಯುಷ್ಯವೋ ಅರ್ಧ ನಿಮಿಷ! ಹೀಗಾಗಿ ಫೋನು ಹಿಡಿದು ಹೆಂಡತಿ ಮೇಲೆ, ಲ್ಯಾಪ್‌ಟಾಪು ಹಿಡಿದು ಗಂಡ ಕೆಳಗೆ. “ಏಳೂ! ಎರಡೂ! ಒಂಬತ್ತೂ!” ಎಂದು ಆಕೆ ಕೂಗಿದರೆ ಕಾಗಿಣಾ ನದಿಯ ಆಚೆ ದಂಡೆಗೂ ಕೇಳಿಸಬೇಕು. ಫೋನಿನಲ್ಲಿ ಒಮ್ಮೆ ಈ ಕೂಗು ಕಾಕಾನ ಕಿವಿಗೆ ಬಿತ್ತು. ಗುಟ್ಟಿನ ನಂಬರನ್ನು ಊರಿಗೆಲ್ಲ ಡಂಗುರ ಸಾರುವುದೇ? ಸ್ಕೂಟರಿನ ಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ದಂಡೋತಿಗೆ ದೌಡಾಯಿಸಿದರು. ಸಿಗ್ನಲ್ ಇಲ್ಲದಿದ್ದರೂ ನಂಬರು ತೋರಿಸುವ ಆ್ಯಪೊಂದನ್ನು ಹಾಕಿಕೊಟ್ಟರು. ಎಂಜಿನಿಯರಿಗೆ ಖುಷಿ. ಅವರ ಹೆಂಡತಿಗೆ ಮಾತ್ರ ಮುಖ ಸಣ್ಣದಾಯಿತು.

“ಅಣ್ಣಾರ, ಮಾಳಗಿ ಮ್ಯಾಲ ಗಾಳಿ ಛಲೋ ಇತ್ರೀ. ಇನ್ನ ಯಾವ ನೆವಾ ಹೇಳಿ ಹತ್ತಲಿ?”

ನಾನು ನಕ್ಕೂ ನಕ್ಕೂ ಸುಸ್ತಾದೆ. ಬರುವಾಗ ಕಾಕಾ ಚಿತ್ತಾಪುರ ದಾಟಿದ ಮೇಲೆ, “ಹ್ಯಾಂಗ ಒದರ್ಯಾಡಿದ್ರೂ ಒಂದೇ ಮನ್ಯಾಗ ಒದರ್ಯಾಡ್ತಾರ ನೋಡು ಇಬ್ಬರೂ,” ಎಂದರು. ನನ್ನ ನಗು ನಿಂತಿತು.

ಅಂತೂ ಗೇಟ್‌ವೇ ಕೂತಿತು. ಶಹಾಬಾದಿನವರು ಮನೆಯಲ್ಲಿ ಕುಳಿತು ಕೆಲಸ ಮಾಡಿದರು, ಸೇಡಮ್ಮಿನವರು ಮಾಡಿದರು, ಸ್ಟೋರ್ಸಿನ ನಾನೂ ಬಳ್ಳೊಳ್ಳಿ ಸುಲಿಯುತ್ತ ಬೇರಿಂಗಿನ ಲೆಕ್ಕ ನೋಡಿದೆ. ಅತ್ತ ಸುಲೇಪೇಟದಲ್ಲಿ ಕಾಕು ಪಡಸಾಲೆಯ ಪಕ್ಕದ ಕೋಣೆಯಿಂದ ಜೋಳದ ಚೀಲ ಹೊರಹಾಕಿಸಿ, ಸುಣ್ಣ ಬಳಿಸಿ, ಹೊಸ ಮೇಜು ತರಿಸಿ, ಇಂಟರ್‌ನೆಟ್ಟಿನ ಲೈನೂ ಎಳೆಸಿದ್ದರು. ಇನ್ನೇನು, ಕಾಕಾ ಗಂಟುಮೂಟೆ ಕಟ್ಟುವುದೊಂದೇ ಬಾಕಿ.

ಆಗ ದೊಡ್ಡ ಆಫೀಸಿನ ಸಾಹೇಬರು ವಿಡಿಯೋ ಕಾಲಿನಲ್ಲಿ ಬಂದರು. ಕಾಕಾ ಗೇಟ್‌ವೇಗೆ ಹನ್ನೆರಡು ನಿಯಮ ಬರೆದು ಕಳಿಸಿದ್ದರು, ಅವನ್ನು ಸಾಹೇಬರು ಹೊಗಳಿದ್ದೇ ಹೊಗಳಿದ್ದು. “ಏಳನೇ ನಿಯಮ ಬಹಳ ಹಿಡಿಸಿತು. ನೀವು ಅಲ್ಲೇ ಇರುತ್ತೀರಲ್ಲ, ನಮಗಿನ್ನು ಚಿಂತೆಯಿಲ್ಲ,” ಎಂದರು. ಏಳನೆಯ ನಿಯಮ ಏನು ಗೊತ್ತೇ? ಗೇಟ್‌ವೇಯ ರಿಪೇರಿಯ ಕೀಲಿ ಯಾರ ಕೈಯಲ್ಲಿದೆಯೋ ಅವರು ಕೆಲಸದ ವೇಳೆಯಲ್ಲಿ ಸರ್ವರ್ ಕೋಣೆ ಬಿಟ್ಟು ಹೋಗಬಾರದು. ಗೇಟೇ ಕೆಟ್ಟು ನಿಂತರೆ, ಹೊರಗಿದ್ದವನು ಯಾವ ಗೇಟಿನಿಂದ ಒಳಗೆ ಬಂದು ರಿಪೇರಿ ಮಾಡಬೇಕು? ಸರಿಯಾದ ಮಾತೇ. ಆದರೆ ಆ ಕೀಲಿಯನ್ನು ಕಾಕಾ ಇನ್ನೊಬ್ಬರನ್ನು ನಂಬಿ ಕೊಟ್ಟಿದ್ದರೆ ತಾನೇ! ಇಡೀ ಕಂಪನಿಯಲ್ಲಿ ಅದು ಇದ್ದದ್ದು ಅವರೊಬ್ಬರ ಕೈಯಲ್ಲಿ. ನಿಯಮ ಬರೆಯುವಾಗ ಅದು ಅವರಿಗೆ ಹೊಳೆದೇ ಇರಲಿಲ್ಲ. ಪರದೆ ಆರಿದ ಮೇಲೂ ಅವರು ಅದನ್ನೇ ನೋಡುತ್ತ ಕುಳಿತಿದ್ದರು.

“ಆ ನಿಯಮ ಅಳಿಸಿ ಬಿಡ್ರಿ ಕಾಕಾ, ಬರೆದವರು ನೀವೇ ಅಲ್ಲೇನು?” ಅಂದೆ.

“ನನಗ ಬೇಕಾದಾಗ ಅಳಿಸ್ಲಿಕ್ಕೆ ಅದು ಸಾಲಿ ಹುಡುಗರ ಪಾಟಿ ಅದ ಏನು?”

ಆ ಶನಿವಾರ ನಾನೂ ಅವರ ಸಂಗಡ ಸುಲೇಪೇಟಕ್ಕೆ ಹೋದೆ. ಒಬ್ಬರೇ ಹೋಗಿ ಹೇಳುವ ಧೈರ್ಯ ಅವರಿಗಿರಲಿಲ್ಲ. ಕಾಕು ಮೊದಲು ತೋರಿಸಿದ್ದೇ ಆ ಮೇಜು. ಕಾಕಾ ಅದರ ಅಂಚು ಸವರುತ್ತ ನಿಂತುಕೊಂಡೇ ಎಲ್ಲ ಹೇಳಿದರು. ಕಾಕು ಕೇಳಿಸಿಕೊಂಡರು.

“ನಂಗ ಸಿಟ್ಟು ಬಂದದ. ಭಾಳ ಸಿಟ್ಟು ಬಂದದ. ಊರ ಮಂದಿನ್ನೆಲ್ಲಾ ಅವರವರ ಮನಿಗಿ ಕಳಿಸಿದ್ರಿ, ನೀವೊಬ್ಬರು ಬರ್ಲಿಲ್ಲ,” ಎಂದರು. ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು, “ರೊಟ್ಟಿ ಬಿಸಿ ಅದಾವ, ಉಣ್ಣು ಬರ್ರಿ,” ಎಂದು ಒಳಗೆ ಹೋದರು.

ಸೋಮವಾರ ಸೇಡಮ್ಮಿನಿಂದ ರೈಲು ಹತ್ತಿದೆವು. ಕಾಕಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು. “ಯವ್ವಾ, ಇಪ್ಪತ್ನಾಕು ವರ್ಷ ಆಕಿನ್ನ ಬರೇ ಐತವಾರ ನೋಡೀನಿ. ಐತವಾರ ಆಕಿ ತಲಿ ಎರಕೊಂಡಿರ್ತಾಳ, ಹೋಳಿಗಿ ಮಾಡ್ತಾಳ, ನಗ್ತಾಳ. ಮಂಗಳವಾರ ಹ್ಯಾಂಗಿರ್ತಾಳ? ಸಾಲಿಂದ ದಣದು ಬಂದು ಮೊದಲ ಏನ್ ಮಾಡ್ತಾಳ? ನಂಗ ಗೊತ್ತಿಲ್ಲ. ಎಲ್ಲಾ ದಿನಾ ಬ್ಯಾಡ. ನಂಗ ಆಕಿದೊಂದು ಮಂಗಳವಾರ ಬೇಕಾಗಿತ್ತು.”

ವಾಡಿ ಬರುವ ತನಕ ತಡೆದುಕೊಂಡು, ಇಳಿಯುವಾಗ ಕೇಳಿಯೇ ಬಿಟ್ಟೆ. “ಆ ಕೀಲಿ ನನಗ ಕೊಡ್ರಿ ಕಾಕಾ. ಕೆಲಸಾ ಕಲಿಸ್ರಿ. ಮಂಗಳವಾರ ನಾ ಕುಂದರ್ತೀನಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನ ಹ್ಯಾಂಗ ನಂಬೂದು?”

“ನಂಬಲಿಲ್ಲಂದ್ರ ಐತವಾರನೇ ಗತಿ ನಿಮಗ!”

ಕಲಿಸಿದರು. ದಿನಾ ಸಂಜೆ ಎರಡು ತಾಸು. ಬೇಕೆಂತಲೇ ಏನಾದರೂ ಕೆಡಿಸಿಟ್ಟು ರಿಪೇರಿ ಮಾಡಿಸಿದರು. ಪರೀಕ್ಷೆ ಇಟ್ಟು ಅಣ್ಣನ ಮಗಳೆಂಬ ಮುಲಾಜಿಲ್ಲದೆ ಎರಡು ಸಲ ಫೇಲು ಮಾಡಿದರು! ಮೂರನೆಯ ಸಲ ಪಾಸಾದೆ. ದೊಡ್ಡ ಆಫೀಸಿನಿಂದ ಮಂಜೂರಿಯೂ ಬಂತು. ಕೀಲಿ ಕೊಟ್ಟ ಮೇಲೂ ಕಾಕಾ ಅದು ನನ್ನ ಕೈಯಲ್ಲೇ ಇದೆಯೇ ಎಂದು ಮೂರು ಸಲ ನೋಡಿದರು.

ಸೋಮವಾರ ಸಂಜೆ ಅವರು ಹೊರಟರು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನನ್ನ ಪರದೆಯ ಮೇಲೆ ಅವರ ಹೆಸರು ಬಂತು. ಎಲ್ಲರಂತೆ ಹೆಸರು, ಪಾಸ್‌ವರ್ಡು, ನಂಬರು ಕೊಟ್ಟು ಒಳಗೆ ಬಂದರು. ಇಡೀ ದಿನ ಒಂದು ನಿಮಿಷ ಪೋಲು ಮಾಡದೆ ಕೆಲಸ ಮಾಡಿದರು. ಕಾಕು ಸಾಲಿಗೆ ಹೋಗಿದ್ದರಲ್ಲ, ಮನೆಯಲ್ಲಿ ಇನ್ನೇನಿತ್ತು ಅವರಿಗೆ? ನಾಲ್ಕೂಕಾಲರ ನಂತರ ಅವರ ಕಡೆಯಿಂದ ಒಂದು ಅಕ್ಷರವೂ ಅಲುಗಲಿಲ್ಲ. ಹದಿನೈದು ನಿಮಿಷ ಸುಮ್ಮನಿದ್ದವರನ್ನು ಗೇಟ್‌ವೇ ಹೊರಗೆ ಹಾಕುತ್ತದೆ. ನಾಲ್ಕೂವರೆಗೆ ಅದು ಕಾಕಾನನ್ನೂ ಹಾಕಿತು. ಹಾಗೆ ಯಾರಾದರೂ ಹೊರಬಿದ್ದರೆ, ಕೀಲಿ ಇದ್ದವರು ಅವರನ್ನು ಕೇಳಿ ಪುಸ್ತಕದಲ್ಲಿ ಕಾರಣ ಬರೆಯಬೇಕು. ಫೋನು ಮಾಡಿದೆ.

“ಕಾಕಾ, ಗೇಟ್‌ವೇ ನಿಮ್ಮನ್ನ ಹೊರಗ ಹಾಕ್ಯಾದ್ರೀ.”

“ಗೊತ್ತದ.”

“ಲೈನ್ ಹೋಗ್ಯಾದೇನು?”

“ಇಲ್ಲ. ಲೈನ್ ಬರೋಬ್ಬರಿ ಅದ.”

“ಮತ್ತ ಕಾರಣ ಏನಂತ ಬರೀಲ್ರಿ?”

ಅಷ್ಟರಲ್ಲಿ ಫೋನಿನಲ್ಲಿ ಯಾರದೋ ಚಪ್ಪಲಿಯ ಸಪ್ಪಳ ಹತ್ತಿರ ಬಂತು. ದಣಿದ ದನಿಯೊಂದು ಕೇಳಿಸಿತು. “ಅಯ್ಯ, ಬಿಸಲಾಗ ಯಾಕ ನಿಂತೀರಿ? ಕೆಲಸಿಲ್ಲೇನು?”

“ಬಂದ್ಳು,” ಎಂದು ನನಗೆ ಹೇಳಿ ಕಾಕಾ ಫೋನಿಟ್ಟರು.

ಕಾರಣದ ಜಾಗದಲ್ಲಿ ನಾನು ಅಷ್ಟನ್ನೇ ಬರೆದೆ.