ಒಂದನ್ನು ತಿದ್ದಿದರೆ ಎಲ್ಲವೂ

ನಕ್ಷೆ ಬರೆಯುವ ಆಫೀಸಿಗೆ ಸೇರಿದ ಮೇಲೆ ಒಂದು ದಿನವೂ ನಾನು ನೆಮ್ಮದಿಯಾಗಿ ಊಟದ ಡಬ್ಬಿ ತೆರೆದವಳಲ್ಲ. ಮುಚ್ಚಳಕ್ಕೆ ಕೈ ಹಾಕುವುದೇ ತಡ, ಸೈಟಿನಿಂದ ಫೋನ್ ಬರುತ್ತದೆ.

ಕಾಕ್ಸ್ ಟೌನಿನ ಹಳೇ ಮನೆಯೊಂದರ ಮಹಡಿಯಲ್ಲಿ ನಮ್ಮ ಆರ್ಕಿಟೆಕ್ಟ್ ಸಾರ್ ಆಫೀಸು. ಕಂಪ್ಯೂಟರಿನ ಲೈಬ್ರರಿ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿರುವುದು ಬಾಗಿಲು, ಕಿಟಕಿ, ಮಂಚ, ಕಮೋಡು. ಒಮ್ಮೆ ಮಾಡಿಟ್ಟರೆ ಯಾವ ನಕ್ಷೆಯಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ ಕೂರಿಸಬಹುದು. ತಾಪತ್ರಯ ಒಂದೇ. ಮೂಲವನ್ನು ತಿದ್ದಿ ಹಾಗೇ ಸೇವ್ ಒತ್ತಿದರೆ ಕೂರಿಸಿದ ಕಡೆಯೆಲ್ಲ ಬದಲಾಗಿಬಿಡುತ್ತದೆ. ಬೇರೆ ಹೆಸರು ಕೊಟ್ಟು ಸೇವ್ ಮಾಡಬೇಕು. ನನಗಿದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮರೆಯುತ್ತೇನೆ.

"ಮೂರು ತಿಂಗ್ಳು ನೋಡ್ತೀನಮ್ಮಾ, ಸರಿಹೋದ್ರೆ ಪರ್ಮನೆಂಟ್" ಅಂದಿದ್ದರು ಸಾರ್. ಆ ಮೂರು ತಿಂಗಳೂ ನಾನು ದೇವರ ಹೆಸರು ಹೇಳಿಕೊಂಡೇ ಮೌಸ್ ಹಿಡಿದೆ.

೧. ಗಂಟೆ

ಹಲಸೂರಿನ ಒಬ್ಬರು ದೇವರ ಮನೆ ಬಾಗಿಲಿಗೆ ಪುಟ್ಟ ಪುಟ್ಟ ಗಂಟೆ ಬೇಕೆಂದರು. ಸಾದಾ ಬಾಗಿಲನ್ನು ತೆರೆದು, ಗಂಟೆ ಜೋಡಿಸಿ, ಸೇವ್ ಒತ್ತಿದೆ. ನಕ್ಷೆ ಸೈಟಿಗೆ ಹೋಯಿತು. ಮರುದಿನ ಬಡಗಿಯ ಫೋನ್. ರಾಯಚೂರು ಕಡೆಯವರು, ಮರ್ಫಿ ಟೌನಿನಲ್ಲಿ ಬಾಡಿಗೆಗೆ ಇದ್ದಾರೆ.

"ಮೇಡಂ, ಈ ಮನ್ಯಾಗ ದೇವರ ಕೋಲಿ ಎಷ್ಟು ಅದಾವ್ರೀ?"

"ಒಂದೇ ಕಣ್ರೀ."

"ಹನ್ನೊಂದು ಬಾಗಿಲಿಗೂ ಗಂಟಿ ಬರದೀರಲ್ರೀ. ಬಚ್ಚಲಕ್ಕೂ ಅದಾವು."

ಸಾರ್‌ಗೆ ಹೇಳಬೇಡಿ, ಈಗಲೇ ಬೇರೆ ನಕ್ಷೆ ಕಳಿಸುತ್ತೇನೆ ಎಂದು ಗೋಗರೆದೆ.

"ಗಾಬರಿ ಆಗಬ್ಯಾಡ್ರೀ" ಅಂದರು ಅವರು. "ಬಚ್ಚಲದ್ದು ಇರ್ಲಿ ಬಿಡ್ರೀ. ಒಳಗ ಮಂದಿ ಹೋಗ್ಯಾರಂತ ಮನಿಗೆಲ್ಲ ಗೊತ್ತಾಗ್ತದ."

೨. ಗುಟ್ಟು

ಅಲ್ಲಿಂದ ನಾನು ಹುಷಾರಾದೆ. ಏನೇ ತಿದ್ದುವುದಿದ್ದರೂ ಮೊದಲು ಬೇರೆ ಹೆಸರಿನಲ್ಲಿ ಒಂದು ನಕಲು. ನಾನೇ ಅಳತೆ ತಪ್ಪಿಸಿದ್ದ ಕಿಟಕಿಯೊಂದನ್ನು ಸಾರ್‌ಗೆ ಗೊತ್ತಾಗದಂತೆ ಸರಿಮಾಡಬೇಕಿತ್ತು. ನಕಲಿಗೆ "ಸಾರ್ ನೋಡಬಾರದು" ಎಂದು ಹೆಸರಿಟ್ಟೆ, ಆಮೇಲೆ ಬದಲಾಯಿಸಿದರಾಯಿತು ಎಂದು. ನಾವಿಟ್ಟ ಹೆಸರುಗಳನ್ನೇ ಎತ್ತಿಕೊಂಡು ಕಿಟಕಿಗಳ ಪಟ್ಟಿಯನ್ನು ಕಂಪ್ಯೂಟರ್ ತಾನೇ ತಯಾರಿಸುತ್ತದೆ ಎನ್ನುವುದು ನೆನಪಿಗೇ ಬರಲಿಲ್ಲ.

ಸಾರ್ ಪಟ್ಟಿ ಹಿಡಿದು ಕಂಟ್ರಾಕ್ಟರಿಗೆ ಫೋನಿನಲ್ಲಿ ಗಟ್ಟಿಯಾಗಿ ಓದತೊಡಗಿದರು.

"ದೊಡ್ಡ ಕಿಟಕಿ, ನಾಲ್ಕು. ಅಡುಗೆಮನೆ ಕಿಟಕಿ, ಎರಡು. ಸಾರ್ ನೋಡಬಾರದು, ಆರು."

ನಾನು ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಸಾರ್ ಫೋನ್ ಇಟ್ಟು ಮೇಜಿನ ಹತ್ತಿರ ಬಂದರು.

"ಆರೂ ನೋಡ್ದೆ ಕಣಮ್ಮಾ" ಅಂದರು.

೩. ಬಾಲ್ಕನಿ

ಮೂರನೇ ತಿಂಗಳ ಕೊನೆಯ ದಿನ. ಶಿವಾಜಿನಗರದ ಸೀರೆ ವ್ಯಾಪಾರಿಯೊಬ್ಬರು ಕೆ.ಆರ್. ಪುರದಲ್ಲಿ ಕಟ್ಟಿಸಲಿರುವ ಅಪಾರ್ಟ್‌ಮೆಂಟಿನ ಚಿತ್ರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನಾನು ಉಳಿದೆ, ಇಲ್ಲದಿದ್ದರೆ ಮನೆಗೆ. ಚಿತ್ರದಲ್ಲಿ ನಿಲ್ಲಿಸಲು ಲೈಬ್ರರಿಯಲ್ಲಿದ್ದ ಮನುಷ್ಯರೆಲ್ಲ ಕೋಟು ತೊಟ್ಟ ಬಿಳಿಯರು. "ನಮ್ ಜನಾನ ಹಾಕಿ" ಎಂದು ವ್ಯಾಪಾರಿ ಮೊದಲೇ ಹೇಳಿದ್ದರು. ಕೆಳಗಿನ ಮನೆಯ ತಮಿಳು ಆಂಟಿ, ಅಂದರೆ ನಮ್ಮ ಆಫೀಸಿರುವ ಮನೆಯ ಓನರು, ಖುಷಿಯಿಂದ ರೇಷ್ಮೆ ಸೀರೆ ಉಟ್ಟು ಫೋಟೋಗೆ ನಿಂತರು. ಅವರನ್ನು ಒಂದೇ ಒಂದು ಬಾಲ್ಕನಿಯಲ್ಲಿ ನಿಲ್ಲಿಸುವ ಯೋಚನೆ ನನ್ನದು. ಹೆದರಿಕೆಯಲ್ಲಿ ಬೆರಳು ಹಳೇ ಚಾಳಿಗೇ ಹೋಯಿತು. ಎಲ್ಲ ಕಡೆ ನಿಲ್ಲಿಸಿದ್ದ ಕೋಟಿನವನ ಮೂಲವನ್ನೇ ತೆರೆದು, ಅವನ ಜಾಗಕ್ಕೆ ಆಂಟಿಯನ್ನು ಹಾಕಿ, ಹೆಸರು ಬದಲಿಸದೆ ಸೇವ್ ಒತ್ತಿದ್ದೆ.

ದೊಡ್ಡ ಟೀವಿಯಲ್ಲಿ ಚಿತ್ರ ಬಂತು. ಇಪ್ಪತ್ತನಾಲ್ಕು ಬಾಲ್ಕನಿಯಲ್ಲೂ ಆಂಟಿ. ಜಿಮ್ಮಿನಲ್ಲಿ ಆಂಟಿ. ಕಾರ್ ಪಾರ್ಕಿಂಗಿನಲ್ಲಿ ಮೂವರು ಆಂಟಿ. ಸಾರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅದೇ ದೊಡ್ಡ ಭಯ.

ವ್ಯಾಪಾರಿ ಕನ್ನಡಕ ಹಾಕಿಕೊಂಡರು. "ಅರೇ, ಎಲ್ಲಾ ಫ್ಲ್ಯಾಟೂ ಈ ಅಮ್ಮಾನೇ ತಗೊಂಡ್ಬಿಟ್ರಾ? ನಂಗೆ ಯಾರೂ ಹೇಳೇ ಇಲ್ವಲ್ಲ ಸಾಬ್!"

ಅಷ್ಟರಲ್ಲಿ ತಮ್ಮ ಚಿತ್ರ ನೋಡಲೆಂದು ಆಂಟಿಯೇ ಮಹಡಿ ಹತ್ತಿ ಬಂದರು. ಬಾಗಿಲಲ್ಲೇ ನಿಂತು ಟೀವಿಯನ್ನು ಮೇಲಿಂದ ಕೆಳಗೆ ನೋಡಿದರು.

"ಐಯೋ ಕಡವುಳೇ! ಇಷ್ಟು ಮನೇಲೂ ಒಂದೇ ಸೀರೆಯಾಮ್ಮಾ? ನೋಡ್ದೋರು ಇವ್ಳಿಗೆ ಬೇರೆ ಸೀರೇನೇ ಇಲ್ಲ ಅಂತಾರೆ!"

ವ್ಯಾಪಾರಿ ಹೊಟ್ಟೆ ಹಿಡಿದು ನಕ್ಕರು. "ಸೀರೆ ನನ್ ಅಂಗ್ಡೀಲಿ ಬೇಕಾದಷ್ಟಿದೆ ಅಮ್ಮಾ. ಎಲ್ಲಾದ್ರ ಫೋಟೋ ಕೊಡ್ತೀನಿ, ಒಂದೊಂದು ಬಾಲ್ಕನಿಗೆ ಒಂದೊಂದು ಉಡ್ಸಿ. ಬಿಲ್ಡಿಂಗ್ ಓಕೆ, ಸಾಬ್!"

ಅವರು ಹೋದ ಮೇಲೆ ನಾನು ಬ್ಯಾಗ್ ತೆಗೆದುಕೊಂಡು ಸಾರ್ ಮುಂದೆ ತಲೆ ತಗ್ಗಿಸಿ ನಿಂತೆ. "ನಾಳೆಯಿಂದ ಬರ್ಲಾ, ಬೇಡ್ವಾ ಸಾರ್?"

"ಬರ್ದೆ ಇನ್ನೇನಮ್ಮಾ?" ಅಂದರು ಸಾರ್. "ಇಪ್ಪತ್ನಾಲ್ಕು ಸೀರೆ ನಾನ್ ಉಡಿಸ್ಲಾ?"