ಮಾವನವರು ರೇಡಿಯೊಗೆ ಕಷಾಯ ಕೊಟ್ಟದ್ದು

ಮೈಸೂರಿನಲ್ಲಿ ವಾರ್ತೆ ಓದುತ್ತಿದ್ದವರ ಕೆಮ್ಮನ್ನು ಚಿಕ್ಕರಸಿನಕೆರೆಯಲ್ಲಿ ಕೂತು ವಾಸಿ ಮಾಡಿದವರು ನಮ್ಮ ಮಾವನವರು. ನಗಬೇಡಿ! ಕಷಾಯ ಕುದಿಸಿದವಳು ನಾನೇ.

ಆಗ ಯುದ್ಧದ ಕಾಲ. ಮದುವೆಯಾದ ಆರನೇ ತಿಂಗಳಿಗೆ ನಮ್ಮ ಯಜಮಾನರು ಪಟಾಲಮ್ಮು ಸೇರಿ ಬರ್ಮಾ ಕಡೆಗೆ ಹೋಗಿದ್ದರು. ಮೊದಮೊದಲು ತಿಂಗಳಿಗೊಂದು ಕಾಗದ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ನನ್ನ ಕೈಯ ಒನಕೆ ಮೇಲೆಯೇ ನಿಲ್ಲುತ್ತಿತ್ತು. ಅವನು ಮುಂದಕ್ಕೆ ಹೋದರೆ ಸಂಕಟ. ನಮ್ಮ ಬಾಗಿಲಲ್ಲಿ ನಿಂತರೆ ಇನ್ನೂ ಸಂಕಟ, ತಂತಿಯೇನಾದರೂ ತಂದಿದ್ದರೆ? ಮಾವನವರಿಗೂ ತಾಳಲಾಗಲಿಲ್ಲ. ಒಂದು ಜೊತೆ ಎತ್ತು ಮಾರಿ ರೇಡಿಯೊ ತಂದುಬಿಟ್ಟರು. "ಇನ್ ಮ್ಯಾಲೆ ನಾನೇ ವಿಚಾರಿಸ್ಕತೀನಿ" ಎಂದರು. ವಿಚಾರಿಸುವುದೆಂದರೆ ಅವರ ಲೆಕ್ಕದಲ್ಲಿ ಏನೆಂದು ಆಗ ಯಾರಿಗೆ ಗೊತ್ತಿತ್ತು?

ಸಂಜೆಯಾದರೆ ಕೈಕಾಲು ತೊಳೆದು, ಕರಿ ಕೋಟು ತೊಟ್ಟು, ರುಮಾಲು ಸುತ್ತಿ, ಎಲೆಅಡಿಕೆ ತಟ್ಟೆಯನ್ನು ರೇಡಿಯೊ ಮುಂದಿಟ್ಟು ಕೂರುವರು. ಒಳಗಿನವರು ನಮಸ್ಕಾರ ಎಂದರೆ ಇವರು ಎದ್ದು ನಿಂತು ಕೈಮುಗಿಯುವರು. ಹೆಂಗಸರು ಹಾಡತೊಡಗಿದರೋ, ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿಕೊಳ್ಳುವರು! "ಕಂಡೋರ್ ಮನೆ ಎಣ್ಮಗಳನ್ನ ಎದುರಿಗ್ ಕುಂತು ಗುರಾಯಿಸದಾ?"

ಆಹಾ, ಎಂಥ ಹರಿಕಥೆ, ಎಂಥ ವೀಣೆ! ಆ ಕಂಠಗಳ ಹೆಸರೇ ನಮಗೆ ಗೊತ್ತಿರಲಿಲ್ಲ. ಗೊರಗೊರ ಸದ್ದಿನ ನಡುವೆ ಕೇಳಿದ್ದು ಈಗಲೂ ಕಿವಿಯಲ್ಲಿದೆ. ನಾನು ಕೇಳುತ್ತಿದ್ದುದು ಅಡುಗೆಮನೆಯ ಬಾಗಿಲ ಹಿಂದಿನಿಂದ. ಮಾವನ ಎದುರಿಗೆ ಸೊಸೆ ಕೂರುವುದುಂಟೆ?

ಒಂದು ಸಂಜೆ ವಾರ್ತೆ ಓದುವವರು ಎರಡು ಸಲ ಕೆಮ್ಮಿದರು. ಮಾವನವರು ಅಡುಗೆಮನೆಗೆ ಕೇಳುವಂತೆ ಕೂಗಿದರು: "ಮೆಣಸಿನ ಕಷಾಯ ಮಾಡವ್ವ, ಸ್ವಾಮಿಗಳ್ಗೆ ಗಂಟ್ಲು ಕಟ್ಕಂಡದೆ!" ಮಾಡಿಕೊಟ್ಟೆ. ಲೋಟ ವಾರ್ತೆ ಮುಗಿಯುವವರೆಗೂ ರೇಡಿಯೊ ಮುಂದಿತ್ತು. ಆಮೇಲೆ ಪ್ರಸಾದವೆಂದು ಮಾವನವರೇ ಕುಡಿದರು. ಮಾರನೆಯ ದಿನ ಆ ಪುಣ್ಯಾತ್ಮರು ಕೆಮ್ಮಲೇ ಇಲ್ಲ! "ಕೇಳಿಸ್ಕಂಡ್ಯಾ? ನಿನ್ ಕಷಾಯ ಇಡೀತು!"

ವಾರ್ತೆ ಮುಗಿದ ಮೇಲೆ ಮಾವನವರ ಸರದಿ. ಪೆಟ್ಟಿಗೆಯ ಕಡೆ ಬಾಗಿ, "ಸ್ವಾಮಿ, ನಮ್ಮುಡುಗ ಬರ್ಮಾದಾಗವ್ನೆ. ನಿಮ್ಗೇನಾರ ಸುದ್ದಿ ಬಂದದಾ?" ಎಂದು ಮಗನ ಹೆಸರು, ಊರು, ಎಡಗೆನ್ನೆಯ ಮಚ್ಚೆ ಎಲ್ಲವನ್ನೂ ಹೇಳಿ, ಕಿವಿಗೆ ಕೈ ಆನಿಸಿ ಕಾಯುವರು. ಒಳಗಿನಿಂದ ಪಿಟೀಲು ಬರುತ್ತಿತ್ತು. ಜಗಲಿಯ ಮೇಲೆ ವಾರ್ತೆ ಕೇಳಲು ಬಂದ ಊರವರು ಬಾಯಿಗೆ ಟವಲ್ಲು ತುರುಕಿಕೊಳ್ಳುವರು. ನನಗೂ ನಗು ಬರುತ್ತಿತ್ತು. ಅದರ ಹಿಂದೆಯೇ ಅಳು.

ಊರಿಗೆ ಕರೆಂಟು ಎಲ್ಲಿತ್ತು? ಬ್ಯಾಟರಿ ಇಳಿದಾಗಲೆಲ್ಲ ಮಾವನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗುವರು. ಅವರ ಪಂಚೆಗಳಲ್ಲಿ ಆಸಿಡ್ಡಿನ ತೂತಿಲ್ಲದ್ದು ಒಂದೂ ಇರಲಿಲ್ಲ. ಅಲ್ಲಿ ಚಾರ್ಜು ಮಾಡುತ್ತಿದ್ದ ರಹೀಮ್ ಸಾಬರು ಪಾಪ, ಬಿಡಿಸಿ ಹೇಳಿದರಂತೆ: "ಯಜಮಾನ್ರೆ, ಅವ್ರ ಮಾತು ನಮ್ಗೆ ಬತ್ತದೆ. ನಮ್ದು ಅವ್ರಿಗೆ ಓಗಲ್ಲ."

"ಮಂಡ್ಯದ ಬಸ್ಸು ನಮ್ಮೂರಿಗೆ ಬತ್ತದೆ. ವಾಪಸ್ ಓಗಾಕಿಲ್ವಾ ಸಾಬ್ರೆ? ಬರಾ ದಾರಿ ಇದ್ಮ್ಯಾಲೆ ಓಗಾ ದಾರಿ ಇರಾಕಿಲ್ವಾ?"

ಸಾಬರಿಗೆ ಹೀಗೆಂದೆ ಎಂದು ಮಾವನವರೇ ಮನೆಗೆ ಬಂದು ಮೀಸೆ ತಿರುವುತ್ತ ಹೇಳಿದರು.

ಕಾಗದವಿಲ್ಲದೆ ಐದು ತಿಂಗಳಾಗಿತ್ತು. ಅಂದು ವಾರ್ತೆಯಲ್ಲಿ ಬರ್ಮಾ ಕಡೆ ಘೋರ ಕಾಳಗವೆಂದು ಹೇಳಿದರು. ನನ್ನ ಕೈಯಿಂದ ತಪ್ಪಲೆ ಜಾರಿ ಬಿತ್ತು. ಜಗಲಿಯಲ್ಲಿ ಯಾರೂ ನಗಲಿಲ್ಲ. ಮಾವನವರು ಆ ದಿನ ಏನನ್ನೂ ಕೇಳಲಿಲ್ಲ. ರುಮಾಲು ತೆಗೆದು, ಅಡುಗೆಮನೆಯ ಬಾಗಿಲಿಗೆ ಬಂದು, ಮುಖ ಆ ಕಡೆ ಮಾಡಿ ನಿಂತರು.

"ಅವ್ವಾ, ನಾನು ಗದ್ದೆ ತಾವ ಓಯ್ತೀನಿ. ಜಗ್ಲಿ ಮ್ಯಾಲಿರೋರ್ನೂ ಕರ್ಕೊಂಡ್ ಓಯ್ತೀನಿ. ನೀನೇ ಎದುರಿಗ್ ಕುಂತು ಒಂದ್ಸಲ ಕೇಳು."

"ನಾನೆಂಗ್ ಕೇಳ್ಲಿ ಮಾವ? ಎಸ್ರು ಯೋಳ್ಬೇಕಲ್ಲ!"

ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು.

"ಯೋಳವ್ವ. ಎಸ್ರು ಯೋಳ್ದೆ ಓದ್ರೆ ಅಷ್ಟು ಜನದಾಗೆ ನಿನ್ ಗಂಡ ಯಾವನು ಅಂತ ಅವ್ರಿಗ್ ಎಂಗ್ ತಿಳೀತದೆ?"

ಮನೆ ಖಾಲಿಯಾಯಿತು. ಅದು ಬರೀ ಪೆಟ್ಟಿಗೆ ಎಂದು ನನಗೆ ಗೊತ್ತಿತ್ತು. ನಾಲ್ಕನೇ ಕ್ಲಾಸು ಓದಿದವಳು ನಾನು! ಆದರೂ ಸೆರಗು ಸರಿಮಾಡಿಕೊಂಡು ಮಾವನವರ ಕುರ್ಚಿಯಲ್ಲಿ ಕೂತೆ. ಒಳಗೆ ವೀಣೆ ನುಡಿಯುತ್ತಿತ್ತು. ಕಣ್ಣು ಮುಚ್ಚಿ ಅವರ ಹೆಸರು ಹೇಳಿದೆ. ಮದುವೆಯ ದಿನ ಒಗಟಿನೊಳಗೆ ಅಡಗಿಸಿ ಹೇಳಿದ್ದು ಬಿಟ್ಟರೆ ಅದೇ ಮೊದಲು. ಇನ್ನೊಂದು ಸಲ ಹೇಳಿದೆ. ಆಮೇಲೆ ಬ್ಯಾಟರಿ ಮುಗಿಯುವವರೆಗೂ ಹೇಳುತ್ತಲೇ ಇದ್ದೆ.

ಮೂರು ವಾರದ ಮೇಲೆ ಕಾಗದ ಬಂತು. ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾರೆ, ಜೀವಕ್ಕೆ ಭಯವಿಲ್ಲ. ಮಾವನವರು ಅದನ್ನು ಹಿಡಿದು ಬರಿತಲೆಯಲ್ಲೇ ಬೀದಿಗೆ ಓಡಿದರು. "ಐದ್ ತಿಂಗ್ಳು ನಾನ್ ಕೇಳ್ದೆ ಕಣ್ರುಲಾ, ಉತ್ರ ಬರ್ನಿಲ್ಲ. ನನ್ ಸೊಸೆ ಒಂದಿನ ಕೇಳಿದ್ಲು, ಬಂತು!"

ಆ ಸಂಜೆ ದೀಪ ಹಚ್ಚಿಕೊಂಡು ನಡುಮನೆಗೆ ಬಂದೆ. ರೇಡಿಯೊ ಮುಂದೆ ಎರಡು ಕುರ್ಚಿಗಳಿದ್ದವು.